ಮೂರನೆಯ ಕೊಡ

ಶಶಿಧರ ನಮ್ಮನ್ನು ಬಿಟ್ಟು ಹೋದ ಮಾರನೆಯ ಬೆಳಿಗ್ಗೆಯೂ ನಮ್ಮ ನಲ್ಲಿಯಲ್ಲಿ ಮೂರು ಕೊಡ ನೀರು ಬಂತು. ನಾನು ಹೊರಗೆ ಇಟ್ಟಿದ್ದು ಎರಡೇ ಕೊಡ, ನನ್ನದೊಂದು, ಮಗಳು ಇಂಚರಳದೊಂದು. ಎರಡೂ ತುಂಬಿದ ಮೇಲೂ ನೀರು ನಿಲ್ಲದೆ ಮೆಟ್ಟಿಲಿಳಿದು ಬೀದಿಗೆ ಹರಿಯಿತು. ಎದುರು ಮನೆಯ ಸಾಕಮ್ಮ ಪೊರಕೆ ಹಿಡಿದು ನಿಂತಿದ್ದವಳು, "ಏನೇ ಕೋಮಲಾ, ಹೋದ ಹೋದ ಅಂತ ನಿನ್ನೆ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡ್ದೆ, ನೀರು ನೋಡಿದ್ರೆ ಇಲ್ಲೇ ಇದಾನೆ ಅಂತಿದೆಯಲ್ಲ?" ಎಂದಳು. ಇಂಚರ ಒಳಗೆ ಓಡಿಹೋಗಿ ಅಪ್ಪನ ನೀಲಿ ಕೊಡವನ್ನು ತಂದು ನಲ್ಲಿಯ ಕೆಳಗಿಟ್ಟಳು. ಅದು ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಚ್ಚಲಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಬಂದಳು.

ನಮ್ಮೂರಿನ ನಲ್ಲಿಗಳಿಗೆ ತಿರುಪು ಇಲ್ಲ. ಬೆಳಗಾದರೆ ನೀರು ತಾನೇ ಬರುತ್ತದೆ, ಮನೆಯವರು ಎಷ್ಟು ಜನವೋ ಅಷ್ಟು ಕೊಡ ತುಂಬಿಸಿ ತಾನೇ ನಿಲ್ಲುತ್ತದೆ. ಮಗು ಹುಟ್ಟಿದರೆ ಒಂದು ಕೊಡ ಹೆಚ್ಚು, ಯಾರಾದರೂ ತೀರಿಕೊಂಡರೆ ಒಂದು ಕೊಡ ಕಡಿಮೆ. ಸೊಸೆ ಬಂದ ಮನೆಯಲ್ಲಿ ಅವಳ ಕೊಡ ಯಾವತ್ತಿನಿಂದ ತುಂಬಿತು ಎಂದು ಬೀದಿಯೇ ಕಾದು ನೋಡುತ್ತದೆ. ಕೆಲವರಿಗೆ ಮೊದಲ ದಿನವೇ ತುಂಬುತ್ತದೆ, ನನಗೆ ಒಂದು ವರ್ಷ ಹಿಡಿಯಿತು. ನೆಂಟರು ಬಂದು ಬಹಳ ದಿನವಾದ ಮೇಲೆ ಒಂದು ಕೊಡ ನೀರು ಹೆಚ್ಚಿಗೆ ಬಂದುಬಿಟ್ಟರೆ ಆ ಮನೆಯ ಹೆಂಗಸಿನ ಎದೆ ಧಸಕ್ಕೆನ್ನುತ್ತದೆ. ಊರಿನ ಆಫೀಸುಗಳಿಗೆ ಇದರಿಂದ ಅನುಕೂಲವೇ ಆಗಿದೆ. ರೇಷನ್ನು, ಮಾಸಾಶನ, ಸಾಲದ ವಸೂಲಿ ಎಲ್ಲವೂ ಕೊಡದ ಲೆಕ್ಕದಲ್ಲಿ ನಡೆಯುತ್ತವೆ. ಆಫೀಸಿನ ನೀರುಗಂಟಿ ಗುರುಸಿದ್ದಪ್ಪ ವರ್ಷಕ್ಕೆರಡು ಸಲ ಬಂದು, ಪ್ರತಿ ಮನೆಯ ನಲ್ಲಿಯ ಮುಂದೆ ನಿಂತು ನೋಡಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗುತ್ತಾನೆ. ಆ ಗೆರೆಯ ಮುಂದೆ ನಮ್ಮ ಬಾಯಿಮಾತಿಗೆ ಕವಡೆ ಕಿಮ್ಮತ್ತಿಲ್ಲ.

ಮನೆಯಿಂದ ಹೋದವರ ಕೊಡವನ್ನು ಮಗುಚುವ ಪದ್ಧತಿ ನಮ್ಮಲ್ಲಿದೆ. ಸತ್ತವರದ್ದಾದರೂ ಅಷ್ಟೆ, ಬಿಟ್ಟು ಹೋದವರದ್ದಾದರೂ ಅಷ್ಟೆ. ಮನೆಯವರೆಲ್ಲ ಹೊಸಿಲ ಮುಂದೆ ಕೂತು, ಕೊಡದ ಮೇಲೆ ಕೈಯಿಟ್ಟು, "ನಿನ್ನ ಋಣ ತೀರಿತು" ಎಂದು ಬೋರಲು ಹಾಕಬೇಕು. ಸಾಮಾನ್ಯವಾಗಿ ಮಾರನೆಯ ದಿನವೇ ನೀರು ಕಡಿಮೆಯಾಗುತ್ತದೆ. ವಾರ ಕಳೆದ ಮೇಲೆ ನಾನೂ ಆ ನೀಲಿ ಕೊಡವನ್ನು ಹೊರಗೆ ತಂದೆ. ಇಂಚರಳ ಕೈ ಹಿಡಿದು ಅದರ ಮೇಲಿಟ್ಟು, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ಮಗುಚಿದೆ. ಇಂಚರಳ ತುಟಿ ಅಲ್ಲಾಡಿದ್ದನ್ನು ನೋಡಿದೆ, ದನಿ ಕೇಳಿಸಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಮೂರು ಕೊಡ.

ಬೀದಿಯವರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಬಾಯಲ್ಲಿ ಬೈದರೂ ಕೋಮಲಳ ಮನಸ್ಸೆಲ್ಲ ಅವನ ಮೇಲೇ ಇದೆ ಎಂದು ಮಾತಾಡಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು. ಇವತ್ತು ಲಗೇಜ್ ಆಟೋಕ್ಕೆ ಡೀಸೆಲ್, ನಾಳೆ ಟೈರು ಎಂದು ನನ್ನ ಕೂಲಿಯನ್ನೆಲ್ಲ ಈಸಿಕೊಂಡು, ಕೊನೆಗೆ ಅದೇ ಆಟೋದಲ್ಲಿ ತನ್ನ ಬಟ್ಟೆ, ಟಿವಿ, ನನ್ನ ಮದುವೆಯ ಹಂಡೆ ಹೇರಿಕೊಂಡು ಹೋದ ಮನುಷ್ಯನನ್ನು ನೆನೆದು ನಾನು ಅಳುತ್ತಿದ್ದೇನೆಂದು ಇವರಿಗೆ ಅನಿಸಿದ್ದಾದರೂ ಹೇಗೆ? ಅವನು ಎಲ್ಲಿಗೆ ಹೋದನೆಂದು ನನಗೆ ಎರಡನೆಯ ದಿನವೇ ಗೊತ್ತಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿ, ಗಾಣದ ಬೀದಿಯಲ್ಲಿ, ನಳಿನಿ ಎನ್ನುವ ಹೆಂಗಸಿನ ಮನೆ. ಆಕೆಗೊಬ್ಬ ಪುಟ್ಟ ಮಗನೂ ಇದ್ದ. ಸೊಪ್ಪು ಮಾರುವವಳು ಬಂದು ಇದನ್ನೆಲ್ಲ ಹೇಳಿದ್ದಳು. ಇಂಚರ ಕೇಳಿದಾಗ ಮಾತ್ರ, "ಎಲ್ಲಿಗೆ ಹೋದ್ರೋ ಏನೋ, ಯಾರಿಗೂ ಗೊತ್ತಿಲ್ಲ ಪುಟ್ಟಿ" ಎಂದೆ. ಗೊತ್ತೆಂದರೆ ಎದ್ದು ಅಲ್ಲಿಗೆ ಓಡುತ್ತಾಳೆಂಬ ಭಯ.

ಯುಗಾದಿ ಕಳೆದು ಮದುವೆಯ ಕಾಲ ಶುರುವಾಗಿತ್ತು. ನಾನು ಕೆಲಸ ಮಾಡುವುದು ಕೇಟರಿಂಗ್ ಚೆನ್ನಪ್ಪನ ಹತ್ತಿರ. ಮದುವೆ ಛತ್ರದ ಹಿಂದಿನ ಅಂಗಳದಲ್ಲಿ ಕೂತು ತರಕಾರಿ ಹೆಚ್ಚುವುದು, ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವುದು, ಪಾತ್ರೆ ತಿಕ್ಕುವುದು. ಯಾರದೋ ಬ್ರಹ್ಮಗಂಟು ಗಟ್ಟಿಯಾಗಲೆಂದು ನಾನು ರಾಶಿಗಟ್ಟಲೆ ಕುಂಬಳಕಾಯಿ ಕೊಯ್ಯುತ್ತೇನೆ. ಹಗಲಿನ ಕೂಲಿಗಿಂತ ಸಂಜೆಯ ರಿಸೆಪ್ಷನ್ನಿಗೆ ಕೂಲಿ ಹೆಚ್ಚು. ಆದರೆ ಸಂಜೆ ಮಗಳನ್ನು ಯಾರ ಹತ್ತಿರ ಬಿಡಲಿ? ಒಂದೆರಡು ಸಲ ಜೊತೆಯಲ್ಲೇ ಕರೆದುಕೊಂಡು ಹೋದೆ. ಅವಳು ಹಂಡೆಗಳ ಮರೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದಳು, ಹಾಗೇ ನಿದ್ದೆ ಮಾಡಿದಳು. ಚೆನ್ನಪ್ಪ ಕೂಲಿ ಕೊಡುವಾಗ ಅವಳು ಉಂಡ ಎಲೆಗೂ ದುಡ್ಡು ಹಿಡಿದುಕೊಂಡ. "ಬೇಜಾರ್ ಮಾಡ್ಕೋಬೇಡ ಕೋಮಲಮ್ಮ, ಪಾರ್ಟಿಯವರು ಎಲೆ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ, ನಿನ್ನ ಮಗಳ ಎಲೆ ಯಾರ ಲೆಕ್ಕಕ್ಕೆ ಬರೀಲಿ?" ಎಂದ. ಬೇಜಾರು ಮಾಡಿಕೊಳ್ಳಬೇಡವಂತೆ. ಅದಾದ ಮೇಲೆ ನಾನು ರಿಸೆಪ್ಷನ್ನಿಗೆ ಹೋಗುವುದನ್ನು ಬಿಟ್ಟೆ, ಅವನೂ ನಿಧಾನಕ್ಕೆ ಬೆಳಗಿನ ಕೆಲಸಕ್ಕೂ ಬೇರೆಯವರನ್ನು ಕರೆಯತೊಡಗಿದ.

ಊರಿನಲ್ಲಿ ಒಂಟಿ ತಾಯಂದಿರಿಗೆ ಮಾಸಾಶನ ಉಂಟು. ಮನೆ ಬಾಡಿಗೆ ಕೊಟ್ಟು ಅಕ್ಕಿಗೂ ಉಳಿಯುವಷ್ಟು ಕೊಡುತ್ತಾರೆ. ಅದನ್ನು ಕೇಳಲು ಆಫೀಸಿಗೆ ಹೋದೆ. ಅಲ್ಲಿ ಕೂರುವ ಹೇಮಾವತಿ ಮೇಡಂ ಕೆಟ್ಟವಳಲ್ಲ. ಕೂರಿಸಿದಳು, ಫ್ಯಾನನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ, "ನೋಡಮ್ಮ, ನಿಮ್ಮ ಮನೇಲಿ ಮೂರು ಕೊಡ ಬರುತ್ತೆ. ಅಂದ್ರೆ ಯಜಮಾನ್ರು ಮನೇಲೇ ಇದಾರೆ" ಎಂದಳು.

"ಇಲ್ಲ ಮೇಡಂ. ಗಾಣದ ಬೀದೀಲಿದಾನೆ. ಬೇಕಾದ್ರೆ ಈಗ್ಲೇ ಬನ್ನಿ, ಬೆರಳು ಮಾಡಿ ತೋರಿಸ್ತೀನಿ."

"ಆ ಮನೆ ನಲ್ಲೀಲಿ ಎರಡೇ ಕೊಡ ಬರೋದು. ಆ ಹೆಂಗಸಿಂದು, ಅವರ ಮಗಂದು. ನಾವೂ ವಿಚಾರಿಸಿದೀವಿ."

"ಅವನು ಅಲ್ಲೇ ಜಗುಲಿ ಮೇಲೆ ಕೂತು ಬೀಡಿ ಸೇದ್ತಿದಾನಲ್ಲ ಮೇಡಂ!"

"ಕೂತಿರಬಹುದಮ್ಮ. ಎಲ್ಲರೂ ಎಲ್ಲೆಲ್ಲೋ ಕೂತಿರ್ತಾರೆ. ನಲ್ಲಿ ಹೇಳಿದ್ದನ್ನ ಅಲ್ಲ ಅನ್ನೋಕೆ ನಾನ್ಯಾರು? ಆಷಾಢದ ಕೊನೇಲಿ ನೀರುಗಂಟಿ ಎಣಿಕೆಗೆ ಬರ್ತಾನೆ. ಅಷ್ಟರೊಳಗೆ ಒಂದು ಕೊಡ ಕಡಿಮೆ ಆಗ್ಲಿ, ನಾನೇ ಮುಂದೆ ನಿಂತು ಮಂಜೂರು ಮಾಡಿಸ್ತೀನಿ." ಏಳುವಾಗ ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ತೀರಾ ಕಷ್ಟ ಆದ್ರೆ ಮಗೂನ ನಮ್ಮ ಹಾಸ್ಟೆಲಿಗೆ ಸೇರಿಸಿ. ಊಟ, ಬಟ್ಟೆ, ಸ್ಕೂಲು ಎಲ್ಲ ನಮ್ದೇ. ಎಷ್ಟೋ ಜನ ಸೇರಿಸಿದಾರೆ."

ಸೇರಿಸಿದವರು ನನಗೂ ಗೊತ್ತು. ಹಾಸ್ಟೆಲಿಗೆ ಹೋದ ಮಕ್ಕಳ ಕೊಡ ಹಾಸ್ಟೆಲಿನ ನಲ್ಲಿಯಲ್ಲಿ ತುಂಬುತ್ತದೆ. ರಜೆಗೆ ಬಂದಾಗ ಆ ತಾಯಂದಿರು ಪಕ್ಕದ ಮನೆಗೆ ಹೋಗಿ ನೀರು ಬೇಡುವುದನ್ನು ನೋಡಿದ್ದೇನೆ. ಪ್ರಾಣ ಹೋದರೂ ಇಂಚರಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ನನಗೆ ಉಳಿದಿದ್ದು ಅವಳೊಬ್ಬಳೇ. ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕಾದರೆ ಮಾಸಾಶನ ಬರಬೇಕು, ಮಾಸಾಶನ ಬರಬೇಕಾದರೆ ಆ ನೀಲಿ ಕೊಡ ತುಂಬುವುದು ನಿಲ್ಲಬೇಕು.

ಫೈನಾನ್ಸಿನ ತಿಪ್ಪೇಶಿಯದೂ ಅದೇ ರಾಗ. ಶಶಿಧರ ಆಟೋಕ್ಕೆ ಅವರಲ್ಲಿ ಸಾಲ ಮಾಡಿದ್ದ. ಸಾಲಗಾರನ ಕೊಡ ಎಲ್ಲಿ ತುಂಬುತ್ತದೋ ಆ ಮನೆಯಲ್ಲಿ ಕಂತು ಕೇಳುವುದು ಅವರ ಕಾನೂನು. ತಿಪ್ಪೇಶಿ ಪ್ರತಿ ಶುಕ್ರವಾರ ನೀರು ಬರುವ ಹೊತ್ತಿಗೇ ಬೈಕ್ ನಿಲ್ಲಿಸಿ, ನೀಲಿ ಕೊಡ ತುಂಬುವವರೆಗೆ ತಾಳ್ಮೆಯಿಂದ ಕಾದು, "ಅಣ್ಣ ಇದಾರಲ್ಲ ಅಕ್ಕಾ, ಕಂತು ಕೊಟ್ಬಿಡಿ" ಎನ್ನುತ್ತಿದ್ದ. "ಕಣ್ಣು ಕಾಣ್ಸಲ್ವೇನಪ್ಪ ನಿಂಗೆ? ಎಲ್ಲಿದಾನೆ ನಿಮ್ಮಣ್ಣ, ಕೊಡದೊಳಗಿದಾನಾ?" ಎಂದು ಕೇಳಿದರೆ ಹಲ್ಲು ಕಿರಿಯುತ್ತಿದ್ದ. ಮೊದಲ ಕಂತಿಗೆ ಕಿವಿಯ ಓಲೆ ಹೋಯಿತು. ಆಮೇಲೆ ಅಕ್ಕಿಯ ದುಡ್ಡು ಹೋಯಿತು. ಆಷಾಢ ಬಂತು, ಮದುವೆಗಳು ನಿಂತವು, ಚೆನ್ನಪ್ಪ ಒಲೆಗಳನ್ನು ಕವಿಚಿ ಹಾಕಿ ಊರಿಗೆ ಹೋದ. ಬಾಡಿಗೆ ಎರಡು ತಿಂಗಳು ಬಾಕಿ ಬಿತ್ತು. ಮನೆಯೊಡೆಯ ಹೊಸ ಬಾಡಿಗೆದಾರರನ್ನು ಕರೆತಂದು ಮನೆ ತೋರಿಸಿಕೊಂಡು ಹೋದ. ನಾನು ಒಲೆಯ ಮುಂದೆ ಕೂತಿದ್ದಂತೆಯೇ ಅವರು ಅಡುಗೆಮನೆ ಚಿಕ್ಕದಾಯಿತೆಂದು ಮಾತಾಡಿಕೊಂಡರು.

ನೀಲಿ ಕೊಡವನ್ನು ತುಂಬಿಸುತ್ತಿರುವವಳು ಇಂಚರ ಎಂದು ನನಗೆ ಬಾಯಿಬಿಟ್ಟು ಹೇಳಿದ್ದು ಸಾಕಮ್ಮ. "ಮಾತು ಬಲ್ಲ ಮಕ್ಕಳಿರೋ ಮನೇಲಿ ನಲ್ಲಿ ಮಕ್ಕಳ ಲೆಕ್ಕಾನೇ ಹಿಡಿಯೋದು ಕಣೇ. ದೊಡ್ಡೋರು ನಾವು ಮೂರೂ ಹೊತ್ತು ಲೆಕ್ಕ ಬದಲಾಯಿಸ್ತೀವಿ. ಹುಡುಗಿ ಮನಸ್ಸಿಂದ ಅವನನ್ನ ತೆಗಿ, ನೀರು ತಾನಾಗೇ ನಿಲ್ಲುತ್ತೆ" ಎಂದಳು. ನನಗೂ ಒಳಗೊಳಗೆ ಗೊತ್ತಿದ್ದ ವಿಷಯವೇ. ಗೊತ್ತಿಲ್ಲದವಳ ಹಾಗೆ ಇದ್ದೆ ಅಷ್ಟೆ.

ಮೊದಲು ನಯವಾಗಿ ಹೇಳಿದೆ. ತಲೆ ಬಾಚುವಾಗ ಹೇಳಿದೆ, ತುತ್ತು ಕೊಡುವಾಗ ಹೇಳಿದೆ. "ಅಪ್ಪ ಬರಲ್ಲ ಪುಟ್ಟಿ. ನಾವಿಬ್ಬರೇ ಇನ್ಮೇಲೆ." ಅವಳು ಹೂಂ ಅನ್ನುತ್ತಿದ್ದಳು. ಬೆಳಿಗ್ಗೆ ನೀಲಿ ಕೊಡ ತುಂಬುತ್ತಿತ್ತು. ಒಂದು ದಿನ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ನೀರು ಬೀದಿಯಲ್ಲಿ ಹರಿಯಿತು, ಕೆಳಗಿನ ಮನೆಯವರು ಬಂದು ಜಗಳ ಮಾಡಿದರು. ಇನ್ನೊಂದು ದಿನ ಅವಳನ್ನು ಪಕ್ಕದ ಹಳ್ಳಿಯ ನಮ್ಮಕ್ಕನ ಮನೆಯಲ್ಲಿ ಮಲಗಿಸಿ ಬಂದೆ. ಆಗಲೂ ಮೂರೇ. ಕೊನೆಗೆ ತಡೆಯಲಾರದೆ, "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋಗಿದಾನೆ ಅಂತ ನಿನ್ನ ಮಂದಬುದ್ಧಿಗೆ ಯಾವಾಗ ಹೋಗುತ್ತೆ?" ಎಂದು ರೇಗಿ ಬೆನ್ನಿಗೆ ಎರಡು ಬಿಟ್ಟೆ. ಅವಳು ಅಳಲಿಲ್ಲ. "ಅಪ್ಪ ಬಂದಾಗ ಸ್ನಾನಕ್ಕೆ ನೀರು ಬೇಡ್ವಾ ಅಮ್ಮ? ಬಂದು ನೀರಿಲ್ಲ ಅಂತ ವಾಪಸ್ ಹೋಗ್ಬಿಟ್ರೆ?" ಎಂದಳು. ದಿನಾ ಸಂಜೆ ಹಳೆಯ ನೀರನ್ನು ತುಳಸಿಗೆ ಸುರಿದು, ಕೊಡ ತೊಳೆದು ಬೋರಲು ಹಾಕದೆ ನೆಟ್ಟಗೇ ಇಡುತ್ತಿದ್ದಳು. ಇಷ್ಟೊಂದು ಪ್ರೀತಿಯನ್ನು ಆ ಮನುಷ್ಯ ಯಾವ ಪುಣ್ಯಕ್ಕೆ ಸಂಪಾದಿಸಿದ? ಹೊತ್ತು ಹೆತ್ತು, ಎಂಜಲೆಲೆ ತೆಗೆದು ಸಾಕುತ್ತಿರುವವಳು ನಾನು. ನನ್ನ ಕೊಡದ ಮೇಲೆ ಅವಳು ಒಂದು ದಿನವಾದರೂ ತಟ್ಟೆ ಮುಚ್ಚಿದ್ದಳೇ?

ಎಣಿಕೆ ಹತ್ತಿರ ಬಂದಾಗ ನಾನು ಮಂಡಿಗೆ ಹೋದೆ. ಶಶಿಧರ ಆಟೋಕ್ಕೆ ಈರುಳ್ಳಿ ಮೂಟೆ ಹೇರಿಸುತ್ತಿದ್ದ. ಅಂಗಿಯ ಕಾಲರು ಕೊಳೆಯಾಗಿತ್ತು, ತಲೆಗೂದಲು ಜಿಡ್ಡುಗಟ್ಟಿತ್ತು. ನನ್ನನ್ನು ನೋಡಿ ಜಗಳಕ್ಕೆ ಬಂದಳೆಂದು ಎರಡು ಹೆಜ್ಜೆ ಹಿಂದೆ ಸರಿದ. ಹತ್ತು ವರ್ಷ "ರೀ" ಎಂದ ಬಾಯಲ್ಲಿ ನಾನು ಮೊದಲ ಸಲ "ನೀನು" ಎಂದೆ. "ನೀನೇ ಬಾಯ್ಬಿಟ್ಟು ಅವಳಿಗೆ ಹೇಳ್ಬೇಕು. ನಾನು ಬರಲ್ಲ, ಅದು ನನ್ನ ಮನೆ ಅಲ್ಲ ಅಂತ. ನಿನ್ನ ಬಾಯಿಂದ ಕೇಳಿದ್ರೇನೇ ಅವಳು ನಂಬೋದು."

ಅವನು ತಕ್ಷಣ ಒಪ್ಪಿಕೊಂಡ. "ನಂದೂ ಅದೇ ಗೋಳು ಕೋಮಲಾ. ಅಲ್ಲಿ ನಂಗೊಂದು ತಂಬಿಗೆ ನೀರೂ ಬರಲ್ಲ. ಅವಳ ಪಾಲಿಂದ ಕೊಟ್ರೆ ಮುಖ ತೊಳೀಬೇಕು, ಇಲ್ಲಾಂದ್ರೆ ಇಲ್ಲ. ದಿನಾ ಅದೇ ಮಾತು, ನಿನ್ನ ಕೊಡ ಎಲ್ಲಿ, ನಿನ್ನ ಕೊಡ ಎಲ್ಲಿ ಅಂತ. ಸೋಮವಾರ ನೀರು ಬರೋ ಹೊತ್ತಿಗೆ ಕರ್ಕೊಂಡು ಬಾ. ನೀನು ಹೇಳಿದ ಹಾಗೇ ಹೇಳ್ತೀನಿ" ಎಂದ. ಮದುವೆಯಾದಾಗಿನಿಂದ ನಾವಿಬ್ಬರೂ ಒಂದು ಮಾತಿಗೆ ಜಗಳವಿಲ್ಲದೆ ಒಪ್ಪಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಇಂಚರಳನ್ನು ಎಬ್ಬಿಸಿ, "ಅಪ್ಪನ ಹತ್ತಿರ ಹೋಗೋಣ" ಎಂದೆ. ಅವಳು ಹಬ್ಬದ ಫ್ರಾಕನ್ನು ತಾನೇ ತೆಗೆದು ಹಾಕಿಕೊಂಡಳು. ನಮ್ಮ ಕೊಡಗಳನ್ನು ಸಾಕಮ್ಮನಿಗೆ ಒಪ್ಪಿಸಿ ಹೊರಟೆವು. ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಜಗ್ಗುತ್ತಾ ಮುಂದೆ ಮುಂದೆ ನಡೆದಳು.

ಅವನು ಮಾತಿನಂತೆ ಜಗುಲಿಯ ಮೇಲೆ ಕೂತಿದ್ದ. "ಅಪ್ಪಾ" ಎಂದು ಓಡಿಹೋಗಿ ಅವನ ಮಂಡಿಗೆ ಆತುಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಪಕ್ಕದಲ್ಲೇ ನಲ್ಲಿ ಸುರಿಯುತ್ತಿತ್ತು. ನಳಿನಿ ತನ್ನ ಕೊಡವನ್ನೂ ಮಗನದನ್ನೂ ತುಂಬಿಸಿ, ನನ್ನ ಕಡೆ ನೋಡದೆ ಒಳಗೆ ಹೋದಳು. ನೀರು ನಿಂತಿತು. ಶಶಿಧರ ಖಾಲಿ ಬಕೆಟ್ಟನ್ನು ಕಾಲಿನಿಂದ ಮುಂದೆ ಸರಿಸಿ, "ನೋಡಿದ್ಯಾ ಪುಟ್ಟಿ? ಅಪ್ಪಂಗೆ ನೀರೇ ಇಲ್ಲ. ನೀನು ಅಲ್ಲಿ ಹಿಡ್ಕೊಂಡಿದೀಯಲ್ಲ, ಅದಕ್ಕೆ. ಬಿಟ್ಬಿಡಮ್ಮ" ಎಂದ.

ಇಂಚರ ಬಕೆಟ್ಟನ್ನು ನೋಡಿದಳು. ಯೋಚಿಸಿದಳು. "ನಾನು ದಿನಾ ತಂದ್ಕೊಡ್ತೀನಿ ಅಪ್ಪ. ಸ್ಕೂಲಿಗೆ ಮುಂಚೆ ಬಂದು ಕೊಟ್ಟು ಹೋಗ್ತೀನಿ. ಒಂಚೂರೂ ಚೆಲ್ಲಲ್ಲ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಮಗು ಹಟ ಹಿಡಿದಾಗ ಈಗೇನು ಮಾಡೋಣ ಎಂದು ಗಂಡಹೆಂಡಿರು ಮುಖ ನೋಡಿಕೊಳ್ಳುತ್ತಾರಲ್ಲ, ಹಾಗೆ. ಆ ಮಾತನ್ನು ಅಲ್ಲಿಗೇ ಬಿಟ್ಟು ಅವಳನ್ನು ಎತ್ತಿಕೊಂಡು ಬಂದುಬಿಡಬಹುದಿತ್ತು. ನನ್ನ ಕಣ್ಣ ಮುಂದೆ ಹಾಸ್ಟೆಲಿನ ಗೇಟು ಬಂತು. "ಹೇಳು" ಎಂದೆ. "ಒಪ್ಕೊಂಡ ಹಾಗೆ ಹೇಳು."

ಅವನು ಹೇಳಿದ. "ಇದೇ ನನ್ನ ಮನೆ ಪುಟ್ಟಿ. ಅದು ನನ್ನ ಮನೆ ಅಲ್ಲ. ನಾನು ಅಲ್ಲಿಗೆ ಬರಲ್ಲ." ಪಾಠ ಒಪ್ಪಿಸಿದವನಂತೆ ಹೇಳಿ, ಎದ್ದು ಒಳಗೆ ಹೋದ. ಇಂಚರ ಅವನು ಹೋದ ಕಡೆಗೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು.

ವಾಪಸು ಬರುವಾಗ ಅರ್ಧ ದಾರಿ ನಡೆದೆವು. ಆಮೇಲೆ, "ನಿಂಗೆ ಆ ಮನೆ ಮೊದ್ಲೇ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಯಾರಿಗೂ ಗೊತ್ತಿಲ್ಲ ಅಂದಿದ್ದೆ."

"ನೀನು ಓಡಿಹೋಗ್ತೀಯ ಅಂತ ಹೇಳ್ಲಿಲ್ಲ."

"ಅಪ್ಪ ಏನ್ ಹೇಳ್ಬೇಕು ಅಂತ ನೀನೇ ಹೇಳ್ಕೊಟ್ಯಾ?"

ಸುಳ್ಳು ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. "ನಮಗೆ ಮಾಸಾಶನ ಬರ್ಬೇಕು ಪುಟ್ಟಿ. ಇಲ್ಲಾಂದ್ರೆ ನಿನ್ನ ಹಾಸ್ಟೆಲಿಗೆ ಹಾಕ್ಬೇಕಾಗುತ್ತೆ" ಎಂದೆ. ಎಷ್ಟು ಪ್ರೀತಿಯಿಂದ ಹೇಳಿದೆನೆಂದು ನನಗೆ ಗೊತ್ತು. ನಿನ್ನನ್ನು ಬಿಟ್ಟಿರಲಾರೆ, ಅದಕ್ಕೇ ಇಷ್ಟೆಲ್ಲ ಮಾಡಿದೆ ಎಂದು ಅದರ ಅರ್ಥ. ಆದರೆ ನನ್ನ ದನಿಯೋ, ಕುಂಬಳಕಾಯಿ ಕೊಯ್ದು ಕೊಯ್ದು ಒರಟಾದ ಕೈಯ ಹಾಗೇ ಆಗಿಹೋಗಿದೆ. ಅವಳಿಗೆ ಕೇಳಿಸಿದ್ದು ಹಾಸ್ಟೆಲು ಎಂಬ ಒಂದೇ ಮಾತು. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ರಸ್ತೆಯ ಆ ಬದಿಗೆ ಹೋಗಿ ನಡೆದಳು. ಮನೆಗೆ ಬಂದು ಬಚ್ಚಲಿಗೆ ಹೋದವಳು ನೀಲಿ ಕೊಡವನ್ನು ತಾನೇ ಬೋರಲು ಹಾಕಿದಳು. ನನಗೆ ಅಳು ಬಂತು. ಒಳಗೆಲ್ಲೋ ಸಮಾಧಾನವೂ ಆಯಿತು.

ಮಾರನೆಯ ಬೆಳಿಗ್ಗೆ ಗುರುಸಿದ್ದಪ್ಪ ಸೀಮೆಸುಣ್ಣ ಹಿಡಿದು ಬಂದ. ಸಾಕಮ್ಮ, ಕೆಳಗಿನ ಮನೆಯವರು ಎಲ್ಲರೂ ಬಾಗಿಲಿಗೆ ಬಂದು ನಿಂತರು. ನೀರು ಬಂತು. ನನ್ನ ಕೊಡ ತುಂಬಿತು. ಇಂಚರ ತನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ನಲ್ಲಿ ಒಂದು ಸಲ ಗೊರಗೊರ ಎಂದು ನಿಂತುಹೋಯಿತು.

ಏನೋ ಸಿಕ್ಕಿಕೊಂಡಿರಬೇಕೆಂದು ನಾನು ನಲ್ಲಿಯನ್ನು ತಟ್ಟಿದೆ. ಬಾಯೊಳಗೆ ಬೆರಳು ಹಾಕಿ ನೋಡಿದೆ. ಗುರುಸಿದ್ದಪ್ಪ ಸ್ವಲ್ಪ ಹೊತ್ತು ಕಾದು, ಗೋಡೆಯ ಮೇಲೆ ಒಂದು ಗೆರೆ ಎಳೆದ.

"ಇದೇನಣ್ಣ, ಒಂದೇ ಹಾಕ್ತೀಯ? ನಾವಿಬ್ಬರಿದೀವಿ!"

"ಒಂದೇ ಬಂತಲ್ಲ ತಾಯಿ."

"ಮಗು ಇಲ್ಲೇ ನಿಂತಿದೆಯಲ್ಲಣ್ಣ ನಿನ್ನ ಮುಂದೆ!"

"ನಂಗೆ ಕಾಣ್ತಿದೆ ತಾಯಿ. ನಲ್ಲಿಗೆ ಕಾಣ್ತಿಲ್ಲ. ನಾನೇನ್ ಮಾಡ್ಲಿ?" ಎಂದು ಆ ಮುದುಕ ಇಂಚರಳ ಕೆನ್ನೆ ತಟ್ಟಿ ಮುಂದಿನ ಮನೆಗೆ ಹೋದ. ಇಂಚರ ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಅಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಸಾಕಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೇಮಾವತಿ ಮೇಡಂ ಮತ್ತೆ ಫ್ಯಾನು ತಿರುಗಿಸಿದಳು. "ಮಗು ಇದ್ರೆ ತಾಯಿ ಅಮ್ಮ. ಈಗಿನ ಎಣಿಕೆ ಪ್ರಕಾರ ನೀವೊಬ್ಬರೇ. ಒಂಟಿ ಹೆಂಗಸಿಗೆ ಬೇರೆ ಮಾಸಾಶನ ಇದೆ, ಆದ್ರೆ ಅದಕ್ಕೆ ಅರವತ್ತು ತುಂಬಿರಬೇಕು" ಎಂದಳು. ನನಗೆ ನಗು ಬಂದುಬಿಟ್ಟಿತು. ನಕ್ಕಿದ್ದು ನೋಡಿ ಅವಳು ಹೆದರಿದಳು. ಕೊಡವಿಲ್ಲದ ಮಗುವನ್ನು ಮುಂದಿನ ಎಣಿಕೆಯವರೆಗೆ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದು, ಆಮೇಲೆ ಹಾಸ್ಟೆಲಿನವರೇ ಬಂದು ಕರೆದುಕೊಂಡು ಹೋಗುತ್ತಾರೆ, ಅದು ಮಗುವಿನ ಒಳ್ಳೆಯದಕ್ಕೇ ಎಂದು ಕಣ್ಣು ತಪ್ಪಿಸಿ ಹೇಳಿದಳು. ಶುಕ್ರವಾರ ತಿಪ್ಪೇಶಿಯೂ ಬಂದ. ಗಾಣದ ಬೀದಿಯಲ್ಲಿ ಈಗಲೂ ಎರಡೇ ಕೊಡವಂತೆ. ನಳಿನಿಯ ಮಗ ಶಶಿಧರನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವಂತೆ. ಎಲ್ಲೂ ಕೊಡವಿಲ್ಲದವನ ಸಾಲವನ್ನು ಅವನ ಕೊಡ ಕೊನೆಯ ಸಲ ತುಂಬಿದ ಮನೆಯಲ್ಲೇ ಕೇಳಬೇಕಂತೆ. "ರೂಲ್ಸು ಅಕ್ಕಾ" ಎಂದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡು, ಮುಂದಿನ ಶುಕ್ರವಾರ ಬರುತ್ತೇನೆಂದು ಹೋದ.

ಬಿಟ್ಟು ಹೋದವನು ಅವನು. ಸಾಲ ಮಾಡಿದವನು ಅವನು. ನಾನು ಮಾಡಿದ್ದು ಮಗಳನ್ನು ಉಳಿಸಿಕೊಳ್ಳುವ ಕೆಲಸ. ಬೇರೆ ದಾರಿ ಇತ್ತೆಂದು ಹೇಳುವವರು ಬಂದು ನನ್ನ ಮುಖಕ್ಕೆ ಹೇಳಲಿ, ಆ ದಾರಿಯಲ್ಲಿ ಬಾಡಿಗೆ ಯಾರು ಕಟ್ಟುತ್ತಿದ್ದರು ಎಂದು ಕೇಳುತ್ತೇನೆ. ಶ್ರಾವಣ ಬಂದಿದೆ, ಮದುವೆಗಳು ಶುರುವಾಗಿವೆ. ಚೆನ್ನಪ್ಪನ ಕಾಲು ಹಿಡಿದು ಮತ್ತೆ ಸೇರಿಕೊಂಡಿದ್ದೇನೆ, ರಿಸೆಪ್ಷನ್ನಿಗೂ ಹೋಗುತ್ತೇನೆ. ಛತ್ರದಿಂದ ಲಾಡು ತಂದು ಕೊಡುತ್ತೇನೆ, ಅವ್ವಾ ಚಿನ್ನಾ ಎನ್ನುತ್ತೇನೆ, ಬೈಯುವುದನ್ನೇ ಬಿಟ್ಟಿದ್ದೇನೆ. ಒಂದು ಕೊಡ ನೀರಿನಲ್ಲಿ ಇಬ್ಬರೂ ಇದ್ದೇವೆ. ಇಂಚರ ಹಟ ಮಾಡುವುದಿಲ್ಲ, ಎದುರು ಮಾತಾಡುವುದಿಲ್ಲ, ಹೇಳಿದ ಕೆಲಸ ಮಾಡುತ್ತಾಳೆ. ಹಾಸಿಗೆ ಮಡಿಸಿ ಮೂಲೆಯಲ್ಲಿಡುತ್ತಾಳೆ. ತಟ್ಟೆಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ಬೀದಿಯವರು ಹೊಗಳುತ್ತಾರೆ.

ನಿನ್ನೆ ಸ್ಕೂಲಿನಿಂದ ಬಂದವಳು ಹೊಸಿಲ ಆಚೆಯೇ ಚಪ್ಪಲಿ ಬಿಟ್ಟು ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ಕೊಡದ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. "ಸ್ವಲ್ಪ ನೀರು ಸಿಗುತ್ತಾ?" ಎಂದು ಕೇಳಿದಳು. ಲೋಟ ತುಂಬ ಕೊಟ್ಟೆ. ಪೂರ್ತಿ ಕುಡಿದು, ಲೋಟವನ್ನು ನನ್ನ ಕೈಗೆ ವಾಪಸು ಕೊಟ್ಟು, "ಥ್ಯಾಂಕ್ಸ್" ಎಂದಳು.